ಅತ್ತೆ ಒರೆಸಿದ ನೆಲ

"ಮಾರಿದ ಮನೇನ ಯಾರಾದ್ರೂ ಇಷ್ಟು ಉಜ್ತಾರಾ ಅಕ್ಕಾ? ಹೊಸಬ್ರು ಹೆಂಗೂ ಪೇಂಟ್ ಹೊಡೆಸ್ತಾರೆ" ಎಂದು ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ ಕೇಳಿದಾಗ ನಾನು ಅಡಿಗೆಮನೆಯ ಕಿಟಕಿಯ ಸರಳುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದೆ. ಅವರು ಬೇಕಾದರೆ ಚಿನ್ನದ ರೇಕು ಹೊಡೆಸಲಿ, ಈಗ ಇರುವ ಕೊಳೆ ನಂದು, ಅದನ್ನು ತೆಗೆಯಬೇಕಾದವಳೂ ನಾನೇ ಎಂದೆ. ಮಾತು ಸ್ವಲ್ಪ ಒರಟಾಯಿತು. ಆಕೆ ಮುಖ ಸಣ್ಣ ಮಾಡಿಕೊಂಡು ಒಳಗೆ ಹೋದಳು. ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು ನಾನು. ಕೊಳೆ ಕಂಡರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಬುದ್ಧಿ ಬರುತ್ತದೆ. ಅದೂ ಅಲ್ಲದೆ, ನಾವು ಈ ಮನೆಗೆ ಬಂದ ದಿನ ಹಿಂದಿನವರು ಬಚ್ಚಲ ತೂತಿನಲ್ಲಿ ಬಿಟ್ಟು ಹೋಗಿದ್ದ ಕೂದಲಿನ ಉಂಡೆಯನ್ನು ಕಡ್ಡಿ ಹಾಕಿ ಎಳೆದು ತೆಗೆದವಳು ನಾನೇ. ನಾನು ಬಿಟ್ಟು ಹೋಗುವ ದಿನ ಯಾರೂ ಹೀಗೆ ಮೂಗು ಮುಚ್ಚಿಕೊಳ್ಳಬಾರದು ಎಂದು ಅಂದೇ ನಿಶ್ಚಯಿಸಿದ್ದೆ.

ಮನೆ ಇದ್ದದ್ದು ಸಾಗರದಲ್ಲಿ, ರಸ್ತೆಯಿಂದ ಹದಿನೆಂಟು ಮೆಟ್ಟಿಲು ಮೇಲೆ. ಕೊಂಡಾಗ ನನಗೆ ಮೂವತ್ತಮೂರು. ಗ್ಯಾಸ್ ಸಿಲಿಂಡರ್ ಹೊತ್ತವನಿಗಿಂತ ಮುಂಚೆ ನಾನೇ ಮೇಲೆ ಹತ್ತಿ ಬಾಗಿಲು ತೆಗೆಯುತ್ತಿದ್ದೆ. ಈಗ ಅರವತ್ತೆರಡು, ಅರ್ಧ ದಾರಿಯಲ್ಲಿ ಕೂತು ಸುಧಾರಿಸಿಕೊಂಡೇ ಮುಂದಿನ ಮೆಟ್ಟಿಲು. ನನ್ನವರು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸನ್ನು ಮೂವತ್ತು ವರ್ಷ ಓಡಿಸಿದವರು. ಅವರ ಸೊಂಟವನ್ನು ಆ ದಾರಿಯ ತಿರುವುಗಳೇ ತಿಂದು ಹಾಕಿವೆ. ಮಗಳು ತೀರ್ಥಹಳ್ಳಿಯಲ್ಲಿ ಶಾಲೆಯ ಟೀಚರ್. ತನ್ನ ಬೀದಿಯಲ್ಲೇ ಒಂದು ಮೆಟ್ಟಿಲೂ ಇಲ್ಲದ ಮನೆ ಮಾರಾಟಕ್ಕೆ ಬಂದಿದೆ ಎಂದು ಅವಳು ಹೇಳಿದಾಗ ನಾವಿಬ್ಬರೂ ಹೆಚ್ಚು ಯೋಚಿಸಲಿಲ್ಲ.

ಯೋಚನೆ ಇದ್ದದ್ದು ನಮ್ಮತ್ತೆಗೆ. ಅವರಿಗೆ ಎಂಬತ್ತೊಂದು ವರ್ಷ. ಗ್ಲುಕೋಮಾ ಆಗಿ ಏಳು ವರ್ಷದ ಹಿಂದೆ ಕಣ್ಣು ಹೋಯಿತು. ಬೆಳಕೋ ಕತ್ತಲೆಯೋ ಎಂಬುದಷ್ಟೇ ತಿಳಿಯುತ್ತದೆ. ಆದರೂ ಮನೆಯೊಳಗೆ ಅವರಿಗೆ ಯಾರ ಕೈಯೂ ಬೇಕಿರಲಿಲ್ಲ. ಮಂಚದಿಂದ ಎದ್ದು ಬಲಗೈ ಚಾಚಿದರೆ ಕಬ್ಬಿಣದ ಬೀರು. ಬೀರು ಮುಗಿದಲ್ಲಿ ಬಾಗಿಲ ಚೌಕಟ್ಟು. ಆಮೇಲೆ ಹಾಲಿನ ಗೋಡೆ, ಟಿವಿ ಸ್ಟ್ಯಾಂಡು, ಊಟದ ಮೇಜು, ಫ್ರಿಜ್ಜು. ಫ್ರಿಜ್ಜಿನಿಂದ ಮೂರು ಹೆಜ್ಜೆಗೆ ಬಚ್ಚಲು, ಕಕ್ಕಸೂ ಅದರೊಳಗೇ. ನನ್ನವರು ಇದಕ್ಕೆ ಅಮ್ಮನ ರೂಟು ಎಂದು ಹೆಸರಿಟ್ಟಿದ್ದರು. "ಬಂತು ನೋಡು ಲೋಕಲ್ ಬಸ್ಸು, ಎಲ್ಲಾ ಸ್ಟಾಪಲ್ಲೂ ನಿಲ್ತದೆ" ಎಂದು ಅವರು ಕೀಟಲೆ ಮಾಡಿದರೆ ಅತ್ತೆ ಬಿಡುತ್ತಿರಲಿಲ್ಲ. "ನಿನ್ನ ಎಕ್ಸ್‌ಪ್ರೆಸ್ಸು ಎಷ್ಟು ಸಲ ಚರಂಡಿಗೆ ಇಳ್ದಿದೆ ಅಂತ ಹೇಳ್ಲಾ ನಿನ್ನ ಹೆಂಡ್ತಿ ಹತ್ರ?" ಎನ್ನುತ್ತಿದ್ದರು.

ಮನೆ ಮಾರುವ ಮಾತು ಬಂದಾಗ ಅತ್ತೆ ಬೇಡ ಎನ್ನಲಿಲ್ಲ. ಹೇಳಿದ್ದು ಒಂದೇ ಮಾತು. "ಎಲ್ಲಿಗಾದ್ರೂ ಕರ್ಕಂಡ್ ಹೋಗಿ ಮಾರಾಯ್ರೆ. ಆದ್ರೆ ಅಲ್ಲಿ ನನ್ನ ಕೈ ಹಿಡ್ಕಂಡು ಬಚ್ಚಲಿಗೆ ಕರ್ಕಂಡ್ ಹೋಗೋ ಹಾಗೆ ಮಾತ್ರ ಆಗ್ಬಾರ್ದು. ಅಂಥ ದಿನ ಬಂದ್ರೆ ನಾನು ಮನ್ಷಿ ಅಲ್ಲ, ಎತ್ತಿ ಇಡೋ ಗಂಟು."

"ಹಾಗಾಗಲ್ಲ ಅತ್ತೆ, ನಾನಿದೀನಲ್ಲ" ಎಂದು ನಾನು ಮಾತು ಕೊಟ್ಟೆ. ಎಷ್ಟೋ ರೋಗಿಗಳಿಗೆ ಹೀಗೆ ಮಾತು ಕೊಟ್ಟ ಅಭ್ಯಾಸ. ನಾನಿರುವುದೇ ಅವರಿಗೆ ಬೇಡವಾದದ್ದು ಎಂಬುದು ಆಗ ಹೊಳೆಯಲಿಲ್ಲ.

ವಾರ್ಡು ತೊಳೆಯುವುದಕ್ಕೆ ಒಂದು ಕ್ರಮವಿದೆ. ಮೊದಲು ಎಲ್ಲ ಸಾಮಾನು ಹೊರಗೆ. ಆಮೇಲೆ ಸೂರು, ಆಮೇಲೆ ಗೋಡೆ, ಕೊನೆಗೆ ನೆಲ. ಸಾಮಾನು ಇಟ್ಟುಕೊಂಡೇ ಅದರ ಸುತ್ತ ನೀರು ಚಿಮುಕಿಸುವವರನ್ನು ಕಂಡರೆ ನಾನು ಸರ್ವಿಸಿನಲ್ಲಿದ್ದಾಗ ಉರಿದು ಬೀಳುತ್ತಿದ್ದೆ. ಗುರುವಾರ ಮನೆ ಬಿಡುವುದು ಎಂದಿತ್ತು. ನಾನು ಸೋಮವಾರ ರಾತ್ರಿಯೇ ಟೆಂಪೋ ತರಿಸಿ ಬೀರು, ಫ್ರಿಜ್ಜು, ಮೇಜು, ಟಿವಿ, ನಮ್ಮ ಮಂಚ, ಎಲ್ಲವನ್ನೂ ತೀರ್ಥಹಳ್ಳಿಗೆ ಸಾಗಿಸಿಬಿಟ್ಟೆ. ಒಂದು ಒಲೆ, ನಾಲ್ಕು ಪಾತ್ರೆ, ಚಾಪೆಗಳು ಮತ್ತು ಅತ್ತೆಯ ಮಂಚ ಉಳಿಸಿಕೊಂಡೆ. ಮಂಚ ಇದೆಯಲ್ಲ, ಇನ್ನು ಅವರಿಗೇನು ತೊಂದರೆ ಎಂದುಕೊಂಡೆ. ಈ ತಪ್ಪು ಮಾಡಲು ನನ್ನಂಥವಳೇ ಬೇಕು. ರೋಗಿಗೆ ಮಂಚವೊಂದಿದ್ದರೆ ಸಾಕು ಎಂದು ಬದುಕಿಡೀ ನಂಬಿದವಳು.

ಮಂಗಳವಾರ ಬೆಳಿಗ್ಗೆ ನನ್ನವರು ಗ್ಯಾಸ್ ಕನೆಕ್ಷನ್ ವರ್ಗಾವಣೆಗೆ ಪೇಟೆಗೆ ಹೋಗಿದ್ದರು. ನಾನು ಅಡಿಗೆಮನೆಯಲ್ಲಿ ನಲ್ಲಿ ಪೂರ್ತಿ ಬಿಟ್ಟುಕೊಂಡು ಕಡಪ ಕಲ್ಲಿನ ಶೆಲ್ಫನ್ನು ತೆಂಗಿನ ಕತ್ತದಿಂದ ಉಜ್ಜುತ್ತಿದ್ದೆ. ಅತ್ತೆ ಎದ್ದದ್ದು ಕೇಳಿಸಲಿಲ್ಲ. ಅವರು ಬಲಗೈ ಚಾಚಿದ್ದಾರೆ, ಬೀರು ಇಲ್ಲ. ಗೋಡೆ ಹಿಡಿದು ಬಾಗಿಲು ದಾಟಿದ್ದಾರೆ. ಹಾಲಿನ ಗೋಡೆಯುದ್ದಕ್ಕೂ ನಾನು ಬಕೆಟ್, ಪೊರಕೆ, ಸ್ಟೂಲು ಸಾಲಾಗಿ ಇಟ್ಟಿದ್ದೆ. ಕಾಲಿಗೆ ತಾಗಿದಾಗ ಅವನ್ನು ಬಳಸಿ ಹೋಗಲು ಗೋಡೆ ಬಿಟ್ಟಿದ್ದಾರೆ. ಆಮೇಲೆ ಅವರಿಗೆ ಗೋಡೆ ಸಿಗಲೇ ಇಲ್ಲ.

ನಲ್ಲಿ ನಿಲ್ಲಿಸಿದಾಗ ಒಂದು ದನಿ ಕೇಳಿತು. "ಯಾರಾದ್ರೂ ಇದೀರಾ?" ಯಾರೋ ಬಾಗಿಲಿಗೆ ಬಂದಿದ್ದಾರೆ ಎಂದುಕೊಂಡು ಕೈ ಒರೆಸಿಕೊಳ್ಳುತ್ತ ಬಂದೆ. ಖಾಲಿ ಹಾಲಿನ ನಟ್ಟನಡುವೆ ಅತ್ತೆ ಕೈ ಮುಂದೆ ಚಾಚಿ ನಿಂತಿದ್ದರು. ಸೀರೆ ಒದ್ದೆಯಾಗಿತ್ತು, ಕಾಲ ಬುಡದಲ್ಲಿ ನೆಲವೂ. ನನ್ನ ಹೆಜ್ಜೆಯ ಸದ್ದಿಗೆ ತಿರುಗಿ, "ಮನೆ ಎಲ್ಲಿಗೆ ಹೋಯ್ತೇ?" ಎಂದು ಕೇಳಿದರು.

ಇಂಥದ್ದನ್ನು ತೊಳೆಯುವುದು ನನಗೆ ಹೊಸತಲ್ಲ. ಎಷ್ಟೋ ಸಾವಿರ ಸಲ ಮಾಡಿದ್ದೇನೆ, ಮುಖ ಸಿಂಡರಿಸದೆ ಮಾಡಿದ್ದೇನೆ. ಆದರೆ ಅಂದು ಅತ್ತೆಗೆ ಬಿಸಿನೀರು ಹಾಕಿ ಬೇರೆ ಸೀರೆ ಉಡಿಸುವಾಗ ನೆರಿಗೆ ತಪ್ಪಿ ಎರಡು ಸಲ ಬಿಚ್ಚಿ ಹಿಡಿಯಬೇಕಾಯಿತು. ನಾಚಿಕೆಯಾಗಿದ್ದು ನನಗೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಹನ್ನೊಂದು ಗಂಟೆಯ ಕಾಫಿ ಬೇಡವೆಂದರು. ಊಟಕ್ಕೆ ಒಂದು ತುತ್ತು ಅನ್ನ ತಿಂದು ಮಜ್ಜಿಗೆ ಬೇಡ, ನೀರೂ ಬೇಡ ಎಂದರು. ಅದೇನೆಂದು ನನಗೆ ತಕ್ಷಣ ಗೊತ್ತಾಯಿತು. ವಾರ್ಡಿನಲ್ಲಿ ಮುದುಕಿಯರು ಮಾಡುವ ಉಪಾಯ ಅದು. ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ ಎಂಬ ಸಂಕೋಚಕ್ಕೆ ನೀರನ್ನೇ ಬಿಟ್ಟುಬಿಡುತ್ತಾರೆ.

ನನ್ನವರು ಬಂದು ಎಲ್ಲ ಕೇಳಿದರು. ಪಕ್ಕದ ಮನೆಗೆ ಹೋಗಿ, ನಾನು ಬೆಳಿಗ್ಗೆ ಮುಖ ಮುರಿದು ಕಳಿಸಿದ್ದ ಅದೇ ಆಕೆಯಿಂದ, ಆರು ಪ್ಲಾಸ್ಟಿಕ್ ಕುರ್ಚಿ ತಂದರು. ಬೀರು ಇದ್ದಲ್ಲಿ ಎರಡು, ಟಿವಿ ಇದ್ದಲ್ಲಿ ಒಂದು, ಮೇಜಿದ್ದಲ್ಲಿ ಎರಡು, ಫ್ರಿಜ್ಜಿದ್ದಲ್ಲಿ ಒಂದು. "ಅಮ್ಮಾ, ರೂಟ್ ಕ್ಲಿಯರ್ ಆಗಿದೆ, ಒಂದು ಟ್ರಿಪ್ ಹೊಡಿ ನೋಡಣ" ಎಂದರು. ಅತ್ತೆ ಒಲ್ಲದ ಮನಸ್ಸಿನಿಂದ ಎದ್ದು ಕುರ್ಚಿಯ ಬೆನ್ನು ಮುಟ್ಟಿ, "ಬೀರು ಕುಳ್ಳಗಾಗಿದೆ" ಎಂದರು. ಆದರೂ ಬಚ್ಚಲು ಮುಟ್ಟಿ ಬಂದರು.

ಅಂದು ಸಂಜೆ ನಾವಿಬ್ಬರೂ ಕೂತು ಯೋಜನೆ ಹಾಕಿದೆವು. ನನ್ನವರು ಟೇಪು ಹಿಡಿದು ಮಂಚದಿಂದ ಬೀರಿಗೆಷ್ಟು, ಬೀರಿನಿಂದ ಬಾಗಿಲಿಗೆಷ್ಟು ಎಂದು ಅಳೆದು ಕ್ಯಾಲೆಂಡರಿನ ಹಾಳೆಯ ಹಿಂದೆ ನಕ್ಷೆ ಬರೆದರು. ಅಲ್ಲಿ ಸಾಮಾನನ್ನೆಲ್ಲ ಇದೇ ಅಳತೆಗೆ ಜೋಡಿಸಿಬಿಟ್ಟರೆ ಮುಗಿಯಿತು ಎಂದು ಮಗಳಿಗೆ ವಿಡಿಯೋ ಕಾಲ್ ಮಾಡಿದೆವು. ಅವಳು ಹೊಸ ಮನೆಯಲ್ಲಿ ನಿಂತು ಫೋನನ್ನು ಸುತ್ತ ತಿರುಗಿಸಿದಳು. ಆಮೇಲೆ, "ಅಪ್ಪಾ, ನಿಮ್ಮ ನಕ್ಷೇಲಿ ಬಚ್ಚಲು ಬಲಗಡೆ ಇದೆ. ಇಲ್ಲಿ ಎಡಕ್ಕಲ್ವಾ ಇರೋದು?" ಎಂದಳು.

ಆ ಮನೆಯನ್ನು ನಾವು ಎರಡು ಸಲ ನೋಡಿ ಬಂದಿದ್ದೆವು. ನಾನು ನಲ್ಲಿಯ ರಭಸ, ಬಚ್ಚಲ ಇಳಿಜಾರು, ಗಾಳಿಕಿಂಡಿ ನೋಡಿದ್ದೆ. ಅವರು ಗೇಟಿನಲ್ಲಿ ಗಾಡಿ ತಿರುಗುತ್ತದೆಯೇ ಎಂದು ನೋಡಿದ್ದರು. ಯಾವುದು ಎಡ, ಯಾವುದು ಬಲ ಎಂದು ಇಬ್ಬರೂ ನೋಡಿರಲಿಲ್ಲ. ನಮಗೆ ಕಣ್ಣಿದ್ದೂ ಉಪಯೋಗವಾಗಲಿಲ್ಲ. ಕೋಣೆಯಿಂದ ಅತ್ತೆಯ ದನಿ ಬಂತು. "ಕೇಳಿಸ್ತು. ಎಡಕ್ಕಾ? ಆಗ್ಲಿ ಬಿಡಿ." ಅಂದು ರಾತ್ರಿ ಹಾಲನ್ನೂ ಕುಡಿಯಲಿಲ್ಲ.

ಬುಧವಾರ ಗೋಡೆಗಳ ಸರದಿ. ಸಾಮಾನು ಹೋದ ಮೇಲೆ ಹಾಲಿನ ಗೋಡೆಯ ಮೇಲೆ ಒಂದು ಗೆರೆ ಎದ್ದು ಕಾಣುತ್ತಿತ್ತು. ಸೊಂಟದೆತ್ತರಕ್ಕೆ, ಕಂದು ಬಣ್ಣಕ್ಕೆ, ಅತ್ತೆಯ ಕೈ ಏಳು ವರ್ಷ ಸವರಿ ಆದದ್ದು. ಟಿವಿ ಇದ್ದಲ್ಲಿ ಗೆರೆ ಇಲ್ಲ, ಅದರ ಸ್ಟ್ಯಾಂಡು ಮುಗಿದಲ್ಲಿ ಮತ್ತೆ ಶುರು. ಮೇಜು ಇದ್ದಲ್ಲಿ ಇಲ್ಲ, ಆಮೇಲೆ ಮತ್ತೆ ಇದೆ. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಗೋಡೆ ಮುಟ್ಟಬೇಡಿ ಎಂದು ಅವರಿಗೆ ನಾನು ಎಷ್ಟು ಸಲ ಗದರಿದ್ದೇನೋ ಲೆಕ್ಕವಿಲ್ಲ. ಸೋಪಿನ ನೀರು ಹಾಕಿ ಅರ್ಧ ಗೆರೆ ಉಜ್ಜುವಷ್ಟರಲ್ಲಿ ನನಗೆ ಅಳು ಬಂತು. ಕೊಳೆ ನೋಡಿ ಅತ್ತದ್ದು ಜೀವಮಾನದಲ್ಲಿ ಅದೊಂದೇ ಸಲ. ಆಮೇಲೆ ಮುಖ ತೊಳೆದುಕೊಂಡು ಬಂದು ಉಳಿದರ್ಧವನ್ನೂ ಉಜ್ಜಿದೆ. ಮನೆ ಕೊಂಡವರಿಗೆ ಅದು ಬರೀ ಎಣ್ಣೆಯ ಕಲೆ.

ಗುರುವಾರ ಬೆಳಿಗ್ಗೆ ಕುರ್ಚಿಗಳನ್ನು ಪಕ್ಕದ ಮನೆಗೆ ವಾಪಸು ಕೊಟ್ಟು, ಅತ್ತೆಯ ಮಂಚವನ್ನೂ ಕೊನೆಯ ಗಂಟುಗಳನ್ನೂ ಟೆಂಪೋಗೆ ಏರಿಸಿ ಕಳಿಸಿದೆವು. ಮನೆಯ ತುಂಬ ಹಗ್ಗದ ಚೂರು, ಮಂಚದಡಿಯ ಧೂಳು, ಹಮಾಲಿಗಳ ಹೆಜ್ಜೆ. ನನ್ನ ಲೆಕ್ಕ ಸರಳವಾಗಿತ್ತು. ಅತ್ತೆಯನ್ನೂ ನನ್ನವರನ್ನೂ ಕೆಳಗೆ ಕಾರಿನಲ್ಲಿ ಕೂರಿಸುವುದು, ಅರ್ಧ ಗಂಟೆಯಲ್ಲಿ ಕೊನೆಯದಾಗಿ ಗುಡಿಸಿ ಒರೆಸಿ ಬೀಗ ಹಾಕಿ ಇಳಿಯುವುದು. ಅತ್ತೆ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದವರು ಹೊರಗೆ ಹೋಗುವಾಗಷ್ಟೇ ಹಿಡಿಯುವ ಕೋಲನ್ನು ನೆಲಕ್ಕೆ ಕುಟ್ಟಿದರು.

"ನಾನು ಹೊಸ್ತಿಲು ದಾಟಿದ ಮೇಲೆ ನೀನು ಪೊರಕೆ ಮುಟ್ಬ್ಯಾಡ."

ನಮ್ಮ ಕಡೆ ಮನೆಯಿಂದ ಯಾರಾದರೂ ಹೊರಟ ಬೆನ್ನಿಗೇ ಕಸ ಗುಡಿಸುವುದಿಲ್ಲ. ಹೆಣ ಹೊರಗೆ ಹೋದಾಗ ಮಾತ್ರ ಹಿಂದೆಯೇ ಗುಡಿಸಿ ತೊಳೆಯುವುದು. ಇದು ನನಗೆ ಗೊತ್ತಿಲ್ಲವೆಂದಲ್ಲ. ಬೇರೆಯವರ ಮನೆಯಲ್ಲಾದರೆ ನಾನೇ ನೆನಪಿಸುತ್ತಿದ್ದೆ. ಆದರೆ ಕಸದ ಮುಂದೆ ನನಗೆ ಶಾಸ್ತ್ರ ಮರೆತುಹೋಗುತ್ತದೆ.

"ಹೀಗೆ ಬಿಟ್ಟು ಹೋದ್ರೆ ಅವ್ರು ಎಂತ ಅನ್ಕಳ್ತಾರೆ ಅತ್ತೆ?"

"ಹಂಗಾರೆ ನಾನು ಒಳಗಿರುವಾಗ್ಲೇ ಮಾಡಿ ಮುಗ್ಸು. ನಾನು ಜೀವ ಇಟ್ಕಂಡು ಹೊರಟಿದೀನಿ."

"ಒರೆಸಿದ ಮೇಲೆ ನೀವು ನಡೆದ್ರೆ ಹೆಜ್ಜೆ ಮೂಡ್ತದೆ."

ಅತ್ತೆ ಕೋಲನ್ನು ಗೋಡೆಗೆ ಒರಗಿಸಿಟ್ಟರು. ಆಮೇಲೆ, "ಬಟ್ಟೆ ತಾ ಇಲ್ಲಿ. ನಾನೇ ಒರೆಸ್ತಾ ಹೊರಗೆ ಹೋಗ್ತೀನಿ" ಎಂದರು. ನನ್ನವರು ನಕ್ಕರು. ನಾನು ನಗಲಿಲ್ಲ, ಮಂಗಳವಾರ ಖಾಲಿ ಹಾಲಿನಲ್ಲಿ ನಿಂತಿದ್ದ ಅವರ ಮುಖ ನನ್ನ ಕಣ್ಣಮುಂದಿತ್ತು. ಆದರೆ ಬೇಡ ಎನ್ನುವ ಅಧಿಕಾರ ನಾನು ಕಳೆದುಕೊಂಡಿದ್ದೆ. ಮನೆಯೆಲ್ಲ ಗುಡಿಸಿ, ಅವರನ್ನು ಒಳಕೋಣೆಯ ಮೂಲೆಗೆ ಕರೆದೊಯ್ದು ಕೂರಿಸಿ, ಬಟ್ಟೆ ಹಿಂಡಿ ಕೈಗೆ ಕೊಟ್ಟೆ.

ಅತ್ತೆ ಸೀರೆ ಮೇಲಕ್ಕೆ ಸಿಕ್ಕಿಸಿ, ಕುಂಡೆ ಊರಿ ಕೂತು, ಎಡಗೈಯಲ್ಲಿ ನೆಲ ಸವರಿ ಬಲಗೈಯಲ್ಲಿ ಒರೆಸುತ್ತ ಹಿಂದಕ್ಕೆ ಸರಿಯತೊಡಗಿದರು. ಮನೆ ಮಂಗಳವಾರದಷ್ಟೇ ಖಾಲಿಯಿತ್ತು. ಹಿಡಿಯಲು ಏನೂ ಇರಲಿಲ್ಲ. ಆದರೆ ಅವರು ಒಂದು ಗೇಣೂ ದಾರಿ ತಪ್ಪಲಿಲ್ಲ. ಕಾವಿ ನೆಲದ ಮೇಲೆ ಬೆರಳಾಡಿಸಿ, "ಇದು ಉದ್ದದ ಬಿರುಕು, ಇನ್ನೆರಡು ಮಾರಿಗೆ ಬಾಗ್ಲು" ಎಂದರು. ಬಾಗಿಲು ಅಲ್ಲೇ ಇತ್ತು. "ಇಲ್ಲಿ ನೀನು ಕುಕ್ಕರ್ ಬೀಳ್ಸಿದ್ದು" ಎಂದು ಒಂದು ಗುಳಿ ಸವರಿದರು. "ಇಲ್ಲಿಂದ ನೆಲ ಬಚ್ಚಲ ಕಡೆ ಇಳೀತದೆ, ನೀರು ಚೆಲ್ಲಿದ್ರೆ ಆಚೆಗೇ ಹೋಗೋದು" ಎಂದರು. ಆ ಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಇದ್ದೂ ನೆಲ ಇಳಿಯುತ್ತದೆಂಬುದು ನನಗೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಕಣ್ಣು ಹೋಗುವವರೆಗೆ ಈ ನೆಲವನ್ನು ದಿನಾ ಒರೆಸಿದವರು ಅತ್ತೆ. ನಾನು ಡ್ಯೂಟಿಗೆ ಹೋಗುತ್ತಿದ್ದೆ, ಬಂದು ಮೂಲೆಯಲ್ಲಿ ಧೂಳು ಹುಡುಕುತ್ತಿದ್ದೆ.

ಮುಕ್ಕಾಲು ಗಂಟೆ ಹಿಡಿಯಿತು. ಹಿಂದಕ್ಕೆ ಸರಿಯುತ್ತ ಸರಿಯುತ್ತ ಹೊಸ್ತಿಲು ದಾಟಿ ಜಗುಲಿಗೆ ಬಂದು, ಹೊಸ್ತಿಲನ್ನೂ ಒರೆಸಿ, ಬಟ್ಟೆ ನನ್ನ ಕೈಗಿಟ್ಟರು. "ಮುಗೀತು. ಇನ್ನು ಬಾಗ್ಲು ಹಾಕು." ನೆಲದ ಮೇಲೆ ಅಲ್ಲಲ್ಲಿ ಬಟ್ಟೆಯ ಗೀರು ಉಳಿದಿತ್ತು, ಒಂದು ಮೂಲೆ ಬಿಟ್ಟೇಹೋಗಿತ್ತು. ನಾನು ಮುಟ್ಟಲಿಲ್ಲ.

ಮನೆ ಕೊಂಡವರು ನಿಟ್ಟೂರು ಕಡೆಯ ತೋಟದ ಮನೆಯವರು, ಗಂಡ ಹೆಂಡತಿ ಮತ್ತು ನಾಲ್ಕೈದು ವರ್ಷದ ಮಗಳು. ಅಷ್ಟು ಹೊತ್ತಿಗೆ ಬೀಗದ ಕೈ ಇಸಕೊಳ್ಳಲು ಮೆಟ್ಟಿಲು ಹತ್ತಿ ಬಂದರು. ಮಗು ಒಳಗೆ ನುಗ್ಗಲು ನೋಡಿದಾಗ ತಾಯಿ ತಮ್ಮ ಮನೆಮಾತಿನಲ್ಲಿ, "ಓಡಡ ಕೂಸೇ, ನೆಲ ಒದ್ದೆ ಇದ್ದು" ಎಂದು ರಟ್ಟೆ ಹಿಡಿದು ನಿಲ್ಲಿಸಿದರು. ಆಮೇಲೆ ಒಳಗೆ ಕಣ್ಣಾಡಿಸಿ, ಎಷ್ಟು ಚೊಕ್ಕಟ ಮಾಡಿ ಕೊಟ್ಟಿದ್ದೀರಿ ಎಂದರು. "ನಮ್ಮತ್ತೆ ಒರೆಸಿದ್ದು" ಎಂದೆ. ಇಷ್ಟು ವರ್ಷದಲ್ಲಿ ಆ ಮಾತನ್ನು ನಾನು ಯಾರ ಎದುರಿಗೂ ಹೇಳಿರಲಿಲ್ಲ.

ಮೆಟ್ಟಿಲು ಇಳಿಯಲು ಅತ್ತೆ ಮಗನ ಭುಜ ಹಿಡಿದರು, ಅದಕ್ಕೇನೂ ಬೇಸರಿಸಲಿಲ್ಲ. ಹೊಸನಗರದಲ್ಲಿ ಕಾಫಿಗೆ ಕಾರು ನಿಲ್ಲಿಸಿದಾಗ ಮಾತ್ರ ಲೋಟ ಮುಟ್ಟಲಿಲ್ಲ. ನಾನು ಕಾರಿನಿಂದ ಇಳಿದು ಆಚೆ ಹೋಗಿ ಮಗಳಿಗೆ ಫೋನ್ ಮಾಡಿದೆ. "ಸಾಮಾನೆಲ್ಲ ಅಂಗಳಕ್ಕೆ ಹಾಕ್ಸು. ಮನೆ ಖಾಲಿ ಇರ್ಲಿ" ಎಂದೆ.

"ಅಮ್ಮಾ, ಎರಡು ದಿನ ಕೂತು ಜೋಡ್ಸಿದೀನಿ. ನಿಂಗೆ ತಲೆ ಕೆಟ್ಟಿದ್ಯಾ?"

"ಹೌದು, ಕೆಟ್ಟಿದೆ. ಹಾಕ್ಸು" ಎಂದೆ.

ಅವಳು ಗೊಣಗುತ್ತಲೇ ಹಾಕಿಸಿದ್ದಳು. ಹಾಲುಕ್ಕಿಸಿ ದೇವರಿಗೆ ಕೈ ಮುಗಿದ ಮೇಲೆ ನಾನು ಅತ್ತೆಯನ್ನು ಅವರ ಕೋಣೆಗೆ ಕರೆದೊಯ್ದು, ಮಂಚ ಬರುವ ಜಾಗದಲ್ಲಿ ಕೂರಿಸಿ, ಹಿಂಡಿದ ಬಟ್ಟೆ ಕೈಗೆ ಕೊಟ್ಟೆ. ಅವರು ಅದನ್ನು ಮುಟ್ಟಿ ನೋಡಿ ನನ್ನ ಕಡೆ ಮುಖ ಎತ್ತಿದರು.

"ಅಜ್ಜಿ, ನಾನು ನಿನ್ನೆನೇ ಒರ್ಸಿದೀನಿ" ಎಂದಳು ಮಗಳು.

"ನೀನು ಒರೆಸಿದ್ದು ನಿಂಗಾಯ್ತು. ನಂಗೆ?" ಎಂದರು ಅತ್ತೆ.

ಟೈಲ್ಸಿನ ನೆಲ. ಮೊದಲು ಅವರಿಗೆ ಸಿಟ್ಟು ಬಂತು. "ಎಂತ ನೆಲ ಇದು, ಒಂದು ಗುರುತಿಲ್ಲ, ಬಾಳೆಲೆ ಇದ್ದಾಗೆ ಇದೆ" ಎಂದರು. ಹಾಗೆನ್ನುತ್ತಲೇ ಉಗುರಿಗೆ ಒಂದು ಸಂದು ಸಿಕ್ಕಿತು. ಸ್ವಲ್ಪ ಮುಂದೆ ಇನ್ನೊಂದು. ಆಮೇಲೆ ಅವರು ಮಾತು ನಿಲ್ಲಿಸಿ ಎಣಿಸತೊಡಗಿದರು. ಮಂಚದಿಂದ ಬಾಗಿಲಿಗೆ ನಾಲ್ಕು ಬಿಲ್ಲೆ. ಎಡಕ್ಕೆ ತಿರುಗಿ ಏಳು. ಅಲ್ಲಿ ಒಂದು ಬಿಲ್ಲೆಯ ಮೂಲೆ ಒಡೆದಿತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದರಾಚೆ ಎರಡು, ಆಮೇಲೆ ಬಚ್ಚಲ ಹೊಸ್ತಿಲು. ಅಲ್ಲಿಂದ ತಿರುಗಿ ಮತ್ತೆ ಮಂಚದ ಜಾಗದವರೆಗೆ ಒರೆಸಿದರು. ಮತ್ತೊಮ್ಮೆ ಹೋದರು, ಬಂದರು. ಮೂರು ಸಲ ಒರೆಸಿದರು. ಅದು ಒರೆಸುವುದಲ್ಲ ಎಂದು ಆಗ ಎಲ್ಲರಿಗೂ ತಿಳಿದಿತ್ತು. ನನ್ನವರು ಅಂಗಳದಲ್ಲಿ ಬೀರಿಗೆ ಒರಗಿ ನಿಂತು ನೋಡುತ್ತಿದ್ದರು, ಒಂದು ಕೀಟಲೆಯ ಮಾತೂ ಆಡಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ದೊಡ್ಡ ಲೋಟದ ತುಂಬ ಕಾಫಿ ಕುಡಿದರು. ಇನ್ನೂ ಅರ್ಧ ಲೋಟ ಕೇಳಿ ಹಾಕಿಸಿಕೊಂಡರು. ಸ್ವಲ್ಪ ಹೊತ್ತಿಗೆ ಎದ್ದು ಬರಿಗಾಲಲ್ಲಿ ಹೊರಟರು. ನಾನು ಸದ್ದು ಮಾಡದೆ ಹಿಂದೆ ಹೋದೆ. ಹೆಬ್ಬೆರಳು ಸಂದು ಹುಡುಕುತ್ತಿತ್ತು, ತುಟಿ ಅಲ್ಲಾಡುತ್ತಿತ್ತು. ಬಾಗಿಲಲ್ಲಿ ಎಡಕ್ಕೆ ತಿರುಗಿದರು. ಐದನೆಯ ಬಿಲ್ಲೆಯ ಮೇಲೆ ನಿಂತುಬಿಟ್ಟರು. ಕೈ ಗಾಳಿಯಲ್ಲಿ ಚಾಚಿತು. ನನ್ನ ಕೈಯೂ ತಾನಾಗಿ ಮುಂದೆ ಹೋಯಿತು.

"ಹಿಂದೆ ಬರ್ಬ್ಯಾಡ ಮಾರಾಯ್ತಿ. ನಿನ್ನ ಉಸಿರು ಕೇಳಿ ಲೆಕ್ಕ ತಪ್ಪೋಯ್ತು."

ನಾನು ಕೈ ಹಿಂದೆಳೆದುಕೊಂಡೆ. ಅವರು ಕಾಲು ಆಡಿಸಿ ಸಂದು ಹುಡುಕಿಕೊಂಡು ಮುಂದೆ ಹೋದರು. ಒಡೆದ ಮೂಲೆ ಕಾಲಿಗೆ ಸಿಕ್ಕಾಗ ಒಂದು ಗಳಿಗೆ ನಿಂತು ಹೂಂ ಎಂದರು. ಬಚ್ಚಲ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿತು.

ನನ್ನವರು ಗೇಟಿನಿಂದ ಬಂದು ಖಾಲಿ ಮಂಚ ನೋಡಿ ಗಾಬರಿಯಲ್ಲಿ, "ಅಮ್ಮ ಎಲ್ಲಿ?" ಎಂದರು.

"ಬಚ್ಚಲಿಗೆ ಹೋಗಿದಾರೆ."

"ಯಾರ ಜೊತೆ?"

"ಒಬ್ರೇ" ಎಂದೆ.